ಚೀಟಿಯಿಲ್ಲದ ಅಚ್ಚು

ಜನವರಿ 11

ಪ್ರೀತಿಯ ಅಪ್ಪ,

ಮದುವೆಯಾಗಿ ಇವತ್ತಿಗೆ ಹತ್ತೊಂಬತ್ತು ದಿನ. ದಿನ ಎಣಿಸುವುದನ್ನು ಯಾವಾಗ ಬಿಡುತ್ತೀ ಎಂದು ಇವರು ಕೇಳುತ್ತಾರೆ. ಬಿಡುವುದಿಲ್ಲ, ನಡುವೆ ತಪ್ಪಿದರೆ ಮೊದಲಿನಿಂದ ಶುರು ಮಾಡುತ್ತೇನೆ ಎಂದೆ. ಅದಕ್ಕೆ ಇವರು ನಕ್ಕ ನಗು ಇದೆಯಲ್ಲ, ಅದನ್ನು ಬರೆಯಲು ನನಗೆ ಬರುವುದಿಲ್ಲ.

ನೀನು ಹೇಳಿದಂತೆ ಫೋನು ಬಿಟ್ಟು ಕಾಗದ ಬರೆಯುತ್ತಿದ್ದೇನೆ. ಹಲ್ಲುಸೆಟ್ಟು ಪಾಲಿಶ್ ಮಾಡುವ ಮೋಟಾರಿನ ಪಕ್ಕ ನಲವತ್ತು ವರ್ಷ ಕೂತು ಕಿವಿ ಹೋಯಿತು, ಫೋನಿನಲ್ಲಿ ಏನೂ ಕೇಳಿಸುವುದಿಲ್ಲ ಎಂದು ನೀನು ಹೇಳಿದಾಗ ದೊಡ್ಡತ್ತೆ, "ಅವನಿಗೆ ಬೇಕಾದ್ದು ಗೋಡೆಯಾಚೆಯಿಂದಲೂ ಕೇಳಿಸುತ್ತೆ" ಅಂದಿದ್ದಳು. ಇರಲಿ. ನನ್ನನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದವನೂ ನೀನೇ, ಈಗ ಮನೆಮಾತಿನಲ್ಲೇ ಬರಿ ಎಂದು ಹಟ ಹಿಡಿಯುವವನೂ ನೀನೇ. ಅಕ್ಷರ ಇರುವೆ ಸಾಲಿನ ಹಾಗಿದ್ದರೆ ಭೂತಗನ್ನಡಿ ತಗೋ, ನಿನ್ನ ಮೇಜಿನ ಮೇಲೆ ಹೇಗೂ ಎರಡಿವೆ.

ನಮ್ಮ ಮನೆ ಮೂರನೇ ಮಹಡಿ, ಎರಡೇ ಕೋಣೆ. ಕೆಳಗೆ ಶಾಲೆಯ ಚೀಲ ಹೊಲಿಯುವವರ ಅಂಗಡಿ, ಹಗಲೆಲ್ಲ ಮೆಷಿನ್ನಿನ ಸದ್ದು ಕಾಲಿನಡಿ ಗುಂಯ್‌ಗುಡುತ್ತದೆ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುತ್ತದೆ. ನನಗೆ ಆ ಗೋಡೆಯೂ ಚೆನ್ನಾಗಿದೆ ಅನ್ನಿಸುತ್ತಿದೆ ಎಂದರೆ ನನ್ನ ಸ್ಥಿತಿ ನೀನೇ ಅರ್ಥ ಮಾಡಿಕೊ. ನಮ್ಮಿಬ್ಬರ ಬ್ರಶ್ಶುಗಳು ಎಲ್ಲಿ ನಿಂತಿವೆ ಗೊತ್ತಾ? ಇವರ ಪ್ರಯೋಗಾಲಯದಿಂದ ತಂದ ಟೆಸ್ಟ್‌ಟ್ಯೂಬಿನ ಸ್ಟ್ಯಾಂಡಿನಲ್ಲಿ. ಒಂದು ಕೆಂಪು, ಒಂದು ನೀಲಿ. ಇವರು ಗಡಿಯಾರ ನೋಡಿಕೊಂಡು ಹಲ್ಲುಜ್ಜುತ್ತಾರೆ. ನಡುವೆ ಮಾತಾಡಿಸಿದರೆ ಕೈ ಎತ್ತಿ ಟ್ರಾಫಿಕ್ ಪೊಲೀಸನ ಹಾಗೆ ನಿಲ್ಲಿಸುತ್ತಾರೆ.

ಇವರ ಕೆಲಸ ಏನೆಂದು ನೀನು ಮದುವೆಗೆ ಮೊದಲು ಎರಡು ಸಲ ಕೇಳಿದ್ದೆ, ನನಗೇ ಸರಿಯಾಗಿ ಗೊತ್ತಿರಲಿಲ್ಲ. ಈಗ ಕೇಳು. ವಯಸ್ಸಾದವರ ವಸಡಿನ ಸಂದಿಗೆ ಸಣ್ಣ ಕಾಗದದ ಕಡ್ಡಿ ಇಟ್ಟು, ಅದು ಒದ್ದೆಯಾದ ಮೇಲೆ ತೆಗೆದು, ಅದರಲ್ಲಿ ಯಾವ ಯಾವ ಬ್ಯಾಕ್ಟೀರಿಯಾ ಇದೆ ಎಂದು ನೋಡುತ್ತಾರೆ. ಅರ್ಧ ಜನ ಮರೆವಿನ ಕಾಯಿಲೆಯವರು, ಅರ್ಧ ಜನ ನೆಟ್ಟಗಿರುವವರು. ವಸಡು ಕೊಳೆಸುವ ಒಂದು ಹುಳ ಇದೆಯಂತೆ, ಅದರ ಗುರುತು ಮರೆವಿನ ಕಾಯಿಲೆಯಿಂದ ತೀರಿಕೊಂಡ ಕೆಲವರ ಮಿದುಳಿನಲ್ಲೂ ಸಿಕ್ಕಿದೆಯಂತೆ. ಯೋಚಿಸು ಅಪ್ಪ, ಬಾಯಿಂದ ಮಿದುಳಿಗೆ. ನೀನು ನಲವತ್ತು ವರ್ಷದಿಂದ ಬಾಯಿ ನೋಡುತ್ತಿದ್ದೀಯ, ನಿನ್ನ ಅಳಿಯ ಅಲ್ಲಿಂದ ಒಂದು ಮಹಡಿ ಮೇಲಕ್ಕೆ ನೋಡುತ್ತಿದ್ದಾರೆ. ನನಗೆ ಹೆಮ್ಮೆ ತಡೆಯಲಾಗದೆ ಕೆಳಗಿನ ಚೀಲದವರಿಗೂ ಹೇಳಿಬಿಟ್ಟೆ. ಅವರು ಅಂದಿನಿಂದ ನನ್ನ ಕಂಡರೆ ಬಾಯಿ ಮುಚ್ಚಿಕೊಂಡು ನಗುತ್ತಾರೆ.

ನಿನ್ನ ವಸಡಿನಿಂದ ಈಗಲೂ ರಕ್ತ ಬರುತ್ತದಾ? ಊರಿಗೆಲ್ಲ ಹಲ್ಲು ಕಟ್ಟಿದವನು ನಿನ್ನ ಹಲ್ಲನ್ನು ಮುಂದಿನ ಕೋಣೆಯ ಡಾಕ್ಟರ್ ಅಂಕಲ್‌ಗೆ ಒಂದು ದಿನವೂ ತೋರಿಸಲಿಲ್ಲ.

ನೀನು ಹಲ್ಲು ಕಟ್ಟುವ ಮೇಣ ತಿಂದು ಬೆಳೆದ,
ಇಲಿಮರಿ


ಜನವರಿ 24

ಇಲಿಮರಿಗೆ ಅಪ್ಪನ ಆಶೀರ್ವಾದ.

ಕಾಗದ ತಲುಪಿತು. ಮೂರು ಸಲ ಓದಿದೆ. ನಿನ್ನ ದೊಡ್ಡತ್ತೆ ಒಂದು ಸಲ ಗಟ್ಟಿಯಾಗಿ ಓದಿ, ಇವಳಿಗೆ ಗೋಡೆಯೂ ಚೆನ್ನಾಗಿ ಕಾಣುತ್ತಿದೆ ಎಂದರೆ ಜ್ವರ ಇರಬೇಕು ಎಂದಳು.

ಇಲ್ಲಿ ಕೆಲಸ ಇದ್ದೇ ಇದೆ. ಡಾಕ್ಟರು ಮುಂದಿನ ಕೋಣೆಯಲ್ಲಿ ಕೀಳುತ್ತಾರೆ, ನಾನು ಹಿಂದಿನ ಕೋಣೆಯಲ್ಲಿ ಕಟ್ಟುತ್ತೇನೆ. ಹೊರಗಿನ ಕ್ಲಿನಿಕ್ಕುಗಳಿಂದಲೂ ಬಾಯಿಯ ಅಚ್ಚುಗಳು ಬರುತ್ತವೆ. ಪ್ರತಿಯೊಂದಕ್ಕೂ ಹೆಸರು, ನಂಬರು ಬರೆದ ಚೀಟಿ ಅಂಟಿಸಿರುತ್ತಾರೆ. ನಾನು ಎಂದಿನಂತೆ ಚೀಟಿ ಕಿತ್ತು ಬುಟ್ಟಿಗೆ ಹಾಕುತ್ತೇನೆ. ಒಮ್ಮೆ ನೋಡಿದ ಬಾಯಿಗೆ ಚೀಟಿ ಯಾಕೆ?

ಒಂದು ತಮಾಷೆ ನಡೆಯಿತು. ಮೇಷ್ಟ್ರ ಹಲ್ಲುಸೆಟ್ಟು ಬಸ್ ಕಂಡಕ್ಟರಿಗೆ, ಕಂಡಕ್ಟರ ಸೆಟ್ಟು ಮೇಷ್ಟ್ರಿಗೆ ಹೋಗಿಬಿಟ್ಟಿದೆ. ಇಬ್ಬರೂ ಆರು ದಿನ ಹಾಕಿಕೊಂಡೇ ಓಡಾಡಿದ್ದಾರೆ. ಮೇಷ್ಟ್ರು ಬಂದು, "ಏನಪ್ಪಾ, ಇದನ್ನ ಹಾಕ್ಕೊಂಡಾಗಿಂದ ಎಲ್ಲರಿಗೂ ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ ಅನ್ನಬೇಕು ಅನ್ನಿಸ್ತಿದೆ" ಎಂದರು. ಕಂಡಕ್ಟರು, "ನಂಗೆ ಟಿಕೆಟ್ ತಗೊಳ್ಳದೋರನ್ನ ಬೆಂಚ್ ಮೇಲೆ ನಿಲ್ಲಿಸೋಣ ಅನ್ನಿಸ್ತಿದೆ" ಎಂದ. ನಕ್ಕು ನಕ್ಕು ಸಾಕಾಯಿತು.

ನಿನ್ನ ಕಾಗದದ ವಿಷಯ ಒಬ್ಬ ಗಿರಾಕಿಗೆ ಹೇಳಿದೆ. ಅವನಿಗೂ ಹಲ್ಲುಜ್ಜುವಾಗ ರಕ್ತ ಬರುತ್ತದೆ. ಬಹಳ ವರ್ಷದಿಂದ. ಆ ಹುಳ ಮೇಲಕ್ಕೆ ಹತ್ತಲು ಎಷ್ಟು ಕಾಲ ಬೇಕು ಎಂದು ಕೇಳುತ್ತಿದ್ದ. ಬಾಯಿಯಲ್ಲಿ ಹಲ್ಲೇ ಇಲ್ಲದಿದ್ದರೆ ಆ ಹುಳ ಬದುಕುತ್ತದೆಯೇ ಎಂದೂ ಕೇಳಿದ. ಅಳಿಯಂದಿರು ಬಿಡುವಾಗಿದ್ದಾಗ ಕೇಳಿ ತಿಳಿಸು. ಅವಸರವಿಲ್ಲ. ಆದರೂ ಬೇಗ ತಿಳಿಸು.

ಇಂತಿ,
ಅಪ್ಪ


ಫೆಬ್ರವರಿ 3

ಪ್ರೀತಿಯ ಅಪ್ಪ,

ಮೇಷ್ಟ್ರ ಕಥೆ ಓದಿ ನನಗೆ ಹೊಟ್ಟೆ ಹಿಡಿದುಕೊಂಡಿತು. ಇವರಿಗೆ ಓದಿ ಹೇಳಿದೆ, ನಾನೇ ನಗುತ್ತಿದ್ದರಿಂದ ಅರ್ಧವೂ ತಲುಪಲಿಲ್ಲ. ಆಮೇಲೆ ಬಸ್ಸಿನಲ್ಲಿ ಹೋಗುವಾಗ ಕಂಡಕ್ಟರ ಬಾಯನ್ನೇ ನೋಡಿ ಬೈಸಿಕೊಂಡೆ.

ನಿನ್ನ ಗಿರಾಕಿಯ ಪ್ರಶ್ನೆಯನ್ನು ಬೆಳಿಗ್ಗೆ ತಿಂಡಿ ಹೊತ್ತಿಗೆ ಕೇಳಿದೆ. ನಾನು ಮಾಡಿದ ಬ್ರೆಡ್ಡು ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ. ಅದನ್ನು ಹೇಗೆ ತಿನ್ನುವುದು ಎಂಬ ಯೋಚನೆಯಲ್ಲಿದ್ದರು ಪಾಪ. ಎಷ್ಟು ಕಾಲ ಬೇಕೋ ಯಾರಿಗೂ ಗೊತ್ತಿಲ್ಲವಂತೆ, ಇಪ್ಪತ್ತು ಮೂವತ್ತು ವರ್ಷವೂ ಇರಬಹುದಂತೆ. ಎರಡನೆಯದಕ್ಕೆ, "ಹಲ್ಲಿಲ್ಲದಿದ್ರೆ ಸಂದಿ ಎಲ್ಲಿ? ಸಂದಿ ಇಲ್ಲದಿದ್ರೆ ಹುಳಕ್ಕೆ ಮನೇನೇ ಇಲ್ಲ" ಎಂದರು. ನಿನ್ನ ಗಿರಾಕಿಗೆ ಹೇಳು, ಹಲ್ಲಿಲ್ಲದಿದ್ದರೆ ಹುಳಕ್ಕೆ ಮನೆಯಿಲ್ಲ. ಹಾಗೆ ಹೇಳಿ ಇವರು ಆ ಬ್ರೆಡ್ಡನ್ನು ಪೂರ್ತಿ ತಿಂದರು ಅಪ್ಪ, ಹಸಿ ಭಾಗವನ್ನೂ. ಇದಕ್ಕಿಂತ ದೊಡ್ಡ ಪ್ರೀತಿ ಪುಸ್ತಕಗಳಲ್ಲಿ ಇದ್ದರೆ ನನಗೆ ಬೇಡ.

ಇಪ್ಪತ್ತನೇ ತಾರೀಖು ಏನೆಂದು ನೆನಪಿದೆಯಲ್ಲ? ನನ್ನ ಹುಟ್ಟಿದ ದಿನ ನಾನು ನಿನ್ನ ಎದುರು ಬಾಯಿ ತೆರೆದು ಕೂರದೇ ಇರುವುದು ಇದೇ ಮೊದಲು. ಅಮ್ಮ ತೀರಿಕೊಂಡ ವರ್ಷದಿಂದ ಒಂದು ಸಲವೂ ತಪ್ಪಿಲ್ಲ. ಬೇರೆಯವರ ಅಪ್ಪಂದಿರು ಫೋಟೊ ತೆಗೆಸುತ್ತಿದ್ದರು, ನೀನು ಅಚ್ಚು ತೆಗೆಯುವ ಆ ತಣ್ಣನೆಯ ಗುಲಾಬಿ ಅಂಟನ್ನು ಬಾಯಿಗೆ ತುರುಕಿ, ಮೂಗಲ್ಲಿ ಉಸಿರಾಡು, ಮೂಗಲ್ಲಿ ಉಸಿರಾಡು ಎನ್ನುತ್ತಿದ್ದೆ. ಆರರಿಂದ ಇಪ್ಪತ್ನಾಲ್ಕರವರೆಗೆ ಹತ್ತೊಂಬತ್ತು ಬಿಳಿ ಬಾಯಿಗಳು ಆ ಶೆಲ್ಫಿನ ಮೇಲೆ ಸಾಲಾಗಿ ನನ್ನನ್ನೇ ನೋಡಿ ನಗುತ್ತವೆ. ಗೆಳತಿಯರು ಮನೆಗೆ ಬಂದಾಗ ಎಷ್ಟು ನಾಚಿಕೆಯಾಗುತ್ತಿತ್ತು ಗೊತ್ತಾ. ಈಗ ಅವುಗಳನ್ನೇ ನೆನೆಸಿಕೊಂಡು ಕೂರುತ್ತೇನೆ. ನನ್ನ ಎಡಗಡೆಯ ಕೋರೆಹಲ್ಲು ಸಾಲು ಬಿಟ್ಟು ಮುಂದೆ ಬಂದಾಗ ತಂತಿ ಹಾಕೋಣ ಎಂದರು ಡಾಕ್ಟರ್ ಅಂಕಲ್. ನೀನು ಬೇಡ ಎಂದೆ. "ಸಾಲಲ್ಲಿ ನಿಲ್ಲದ ಮಗು ಜಾತ್ರೇಲಿ ಕಳೆದುಹೋಗಲ್ಲ. ಸಾವಿರ ಬಾಯಿ ಇಟ್ಟರೂ ಇದನ್ನ ಗುರುತು ಹಿಡೀತೀನಿ." ಇವರಿಗೆ ಆ ಹಲ್ಲೇ ಮೊದಲು ಇಷ್ಟವಾದದ್ದಂತೆ. ನೀನು ನಾಚಿಕೊಳ್ಳಬೇಡ, ನಾನು ಈಗಾಗಲೇ ನಾಚಿಕೊಂಡಾಗಿದೆ.

ಈ ವರ್ಷ ನಿನಗೊಂದು ಅಚ್ಚರಿ ಕಾದಿದೆ. ಹೇಳುವುದಿಲ್ಲ.

ನಿನ್ನ,
ಇಲಿಮರಿ


ಮಾರ್ಚ್ 6

ಇಲಿಮರಿಗೆ ಅಪ್ಪನ ಆಶೀರ್ವಾದ.

ಕ್ಷೇಮ. ನಿನ್ನ ಕಾಗದ ಜೇಬಿನಲ್ಲೇ ಇದೆ. ಅಳಿಯಂದಿರಿಗೆ ನನ್ನ ನಮಸ್ಕಾರ ಹೇಳು. ಅವರ ಮಾತು ಆ ಗಿರಾಕಿಗೆ ಬಹಳ ಉಪಯೋಗವಾಯಿತು.

ಅಳಿಯಂದಿರ ಪ್ರಯೋಗಾಲಯದಿಂದ ಒಂದು ಪಾರ್ಸಲ್ ಬಂದಿದೆ. ಒಳಗೆ ಹತ್ತಿ, ಹತ್ತಿಯೊಳಗೆ ಒಂದು ಅಚ್ಚು, ಮೇಲಿನ ದವಡೆ, ಕೆಳಗಿನ ದವಡೆ ಎರಡೂ. ಚೀಟಿ ಇಲ್ಲ, ಹೆಸರಿಲ್ಲ, ಏನು ಮಾಡಿಕೊಡಬೇಕು ಎಂದೂ ಇಲ್ಲ. ಒಂದು ಹಲ್ಲೂ ಬಿದ್ದಿಲ್ಲದ ಬಾಯಿಗೆ ನಾನು ಏನು ಕಟ್ಟಲಿ? ಅಚ್ಚು ತೆಗೆದವರು ಹೊಸಬರಿರಬೇಕು, ಹಿಂಭಾಗದಲ್ಲಿ ಎರಡು ಗುಳ್ಳೆ ಉಳಿದಿವೆ. ಯಾರೋ ಚಿಕ್ಕ ವಯಸ್ಸಿನ ಹೆಣ್ಣುಮಗಳದು. ಎಡಗಡೆ ಕೋರೆಹಲ್ಲು ಸಾಲು ಬಿಟ್ಟು ಮುಂದೆ ನಿಂತಿದೆ. ಚಿಕ್ಕಂದಿನಲ್ಲೇ ತಂತಿ ಹಾಕಿಸಬಹುದಿತ್ತು. ಆ ಹುಡುಗಿಯ ತಂದೆಗೆ ಯಾಕೆ ತೋಚಲಿಲ್ಲವೋ. ಅಳಿಯಂದಿರನ್ನು ಕೇಳಿ ಯಾರದೆಂದು ತಿಳಿಸು.

ಇಲ್ಲೊಂದು ತಮಾಷೆ ನಡೆಯಿತು, ನಿನಗೆ ಬರೆಯಬೇಕೆಂದುಕೊಂಡಿದ್ದೆ. ಮೇಷ್ಟ್ರ ಹಲ್ಲುಸೆಟ್ಟು ಬಸ್ ಕಂಡಕ್ಟರಿಗೆ ಹೋಗಿಬಿಟ್ಟಿದೆ, ಅವನದು ಇವರಿಗೆ. ಮೇಷ್ಟ್ರು ಬಂದು, ಎಲ್ಲರಿಗೂ ಮುಂದಕ್ಕೆ ಹೋಗಿ ಅನ್ನಬೇಕು ಅನ್ನಿಸ್ತಿದೆ ಎಂದರು. ನಕ್ಕು ನಕ್ಕು ಸಾಕಾಯಿತು.

ಇಂತಿ,
ಅಪ್ಪ


ಮಾರ್ಚ್ 14

ಪ್ರೀತಿಯ ಅಪ್ಪ,

ಎಂಥ ನಟ ನೀನು. ಹುಡುಗಿಯ ತಂದೆಗೆ ಯಾಕೆ ತೋಚಲಿಲ್ಲವೋ ಅಂತೆ. ನಾನು ಮೆಟ್ಟಿಲ ಮೇಲೆ ನಿಂತೇ ಓದಿ, ಗೋಡೆಗೆ ಒರಗಿ ನಕ್ಕೆ. ಚೀಲದವರು ಹೊರಗೆ ಬಂದು ನೋಡಿ ಒಳಗೆ ಹೋದರು. ನಿನ್ನನ್ನು ಪರೀಕ್ಷೆ ಮಾಡೋಣ ಎಂದು ನಾನು ಚೀಟಿಯಿಲ್ಲದೆ ಕಳಿಸಿದರೆ ನೀನು ನನಗೇ ತಿರುಗಿಸಿ ಹೊಡೆದೆ. ಮೇಷ್ಟ್ರ ಕಥೆಯನ್ನು ಎರಡನೇ ಸಲ ಹೊಸದೆಂಬಂತೆ ಬರೆದದ್ದಂತೂ ಬಹಳ ಚೆನ್ನಾಗಿತ್ತು. ಆ ಎರಡು ಗುಳ್ಳೆಗಳಿಗೆ ಹೊಣೆ ನಿನ್ನ ಅಳಿಯ. ನನ್ನ ಬಾಯಲ್ಲಿ ಅಂಟು ತುಂಬಿಸಿಕೊಂಡೇ ಇವರನ್ನು ನಗಿಸಿದೆ, ಕೈ ಅಲುಗಿತು.

ಸಂಜೆ ಕಾಗದವನ್ನು ಇವರಿಗೆ ಓದಿ ಹೇಳಿದೆ. ಇವರು ನಗಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ, "ಅಚ್ಚಿನ ವಿಷಯ ಇನ್ನೊಂದ್ಸಲ ಓದು" ಎಂದರು. ಓದಿದೆ. "ಹಳೇ ಕಾಗದ ತಗೊಂಡು ಬಾ" ಎಂದರು. ತಂದುಕೊಟ್ಟೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತರು. ನೀರು ಕುಡಿದರು. ಆಮೇಲೆ ಬಹಳ ಮೆತ್ತಗೆ, "ಅಪ್ಪಂಗೆ ವಯಸ್ಸೆಷ್ಟು?" ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. "ನಮ್ಮಪ್ಪನ್ನ ನಿನ್ನ ಟ್ಯೂಬಿನೊಳಗೆ ಹಾಕಬೇಡ" ಎಂದುಬಿಟ್ಟೆ. ಹೌದು, ಏಕವಚನ. ಮನೆಯಲ್ಲಿ ನಾನು ಇವರನ್ನು ಹಾಗೇ ಕರೆಯುವುದು, ದೊಡ್ಡತ್ತೆಗೆ ಹೇಳಬೇಡ. ಎಂಬತ್ತೆರಡನೇ ದಿನ ನಮ್ಮ ಮೊದಲ ಜಗಳ. ಅದೂ ನಿನ್ನ ತಮಾಷೆಯಿಂದ. ನಿನಗೆ ತಮಾಷೆ ಮಾಡುವುದು ಗೊತ್ತು, ಇವರಿಗೆ ಗೊತ್ತಿಲ್ಲ, ಅಷ್ಟೇ ತಾನೇ? ಇವರಿಗೆ ದಿನವಿಡೀ ಮರೆತವರನ್ನೇ ನೋಡಿ ನೋಡಿ, ಎಲ್ಲರೂ ಹಾಗೇ ಕಾಣುತ್ತಾರೆ.

ಒಂದು ಉಪಕಾರ ಮಾಡು. ಕಾರ್ಡಿನ ಮೇಲೆ ಒಂದೇ ಸಾಲು ಬರಿ: ಹೌದು, ತಮಾಷೆ. ಇವರ ಮುಖದ ಮುಂದೆ ಹಿಡಿಯುತ್ತೇನೆ.

ಬೇಗ ಬರಿ.

ಇಲಿಮರಿ


ಏಪ್ರಿಲ್ 2

ಅಪ್ಪ,

ಕಾರ್ಡು ಬರಲಿಲ್ಲ. ದಿನಾ ಎರಡು ಸಲ ಕೆಳಗಿಳಿದು ಅಂಚೆ ಡಬ್ಬಿ ನೋಡುತ್ತೇನೆ. ನಿನ್ನೆ ತಡೆಯದೆ ಫೋನು ಮಾಡಿದೆ. ದೊಡ್ಡತ್ತೆ ಎತ್ತಿದಳು. ನೀನು ಮಲಗಿದ್ದೀಯ ಎಂದಳು. ಮಧ್ಯಾಹ್ನ ಮೂರು ಗಂಟೆಗೆ ನೀನು ಮಲಗಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಏನಾಯಿತು ಎಂದರೆ, "ಬಾಯಿ ಊದಿದೆ ಕಣೇ, ಮಾತಾಡೋಕಾಗಲ್ಲ. ಅಂತೂ ಅರವತ್ನಾಲ್ಕು ವರ್ಷಕ್ಕೆ ಬಾಯಿ ಮುಚ್ಕೊಂಡು ಕೂತಿದ್ದಾನೆ" ಎಂದಳು. ನಗಲೆಂದು ಹೇಳಿದ್ದು ಅದು. ಯಾಕೆ ಊದಿದೆ ಎಂದು ಕೇಳಿದೆ. ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಫೋನು ಇಟ್ಟಳು.

ಅಪ್ಪ, ನನಗೆ ಏನೂ ಅರ್ಥವಾಗುತ್ತಿಲ್ಲ. ನೀನು ಸಿಟ್ಟಾಗಿದ್ದೀಯಾ? ನಾನು ಅಚ್ಚು ಕಳಿಸಿದ್ದು ತಪ್ಪಾಯಿತಾ? ಇವರು ಈ ವಿಷಯ ಮತ್ತೆ ಎತ್ತಿಲ್ಲ. ಎತ್ತದೇ ಇರುವುದು ಎತ್ತಿದ್ದಕ್ಕಿಂತ ಜೋರಾಗಿ ಕೇಳಿಸುತ್ತಿದೆ. ಎಲ್ಲರೂ ನನಗೆ ಅರ್ಧ ಮಾತು ಹೇಳಿ ಒಲೆಯ ಕಡೆಗೋ ಪ್ರಯೋಗಾಲಯದ ಕಡೆಗೋ ಹೋಗುತ್ತಿದ್ದಾರೆ.

ಡಾಕ್ಟರ್ ಅಂಕಲ್‌ಗೂ ಒಂದು ಕಾಗದ ಹಾಕಿದ್ದೇನೆ.

ಇಲಿಮರಿ


ಏಪ್ರಿಲ್ 9

ಮಗೂ,

ನಿನ್ನ ಅಪ್ಪ ನಿನಗೆ ಹೇಳಬೇಡ ಎಂದಿದ್ದ. ನೀನು ನೇರವಾಗಿ ಕೇಳಿದ್ದೀಯ, ಸುಳ್ಳು ಬರೆಯಲು ನನಗೆ ಕೈ ಬರುತ್ತಿಲ್ಲ.

ಫೆಬ್ರವರಿ ಕೊನೆಯಲ್ಲಿ ಅವನು ನನ್ನ ಕುರ್ಚಿಯಲ್ಲಿ ಬಂದು ಕೂತ. ಮೂವತ್ತು ವರ್ಷದಲ್ಲಿ ಅದೇ ಮೊದಲು. ಎಲ್ಲ ಹಲ್ಲು ಕಿತ್ತುಬಿಡು ಎಂದ. ನಾನು ನಕ್ಕೆ. ಅವನು ಜೇಬಿನಿಂದ ನಿನ್ನ ಕಾಗದ ತೆಗೆದು ತೋರಿಸಿದ. ಒಂದು ಸಾಲಿನ ಕೆಳಗೆ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದ. ಹಲ್ಲಿಲ್ಲದಿದ್ದರೆ ಹುಳಕ್ಕೆ ಮನೆಯಿಲ್ಲ. "ನನ್ನ ಅಳಿಯ ಹೇಳಿದ್ದು, ಅವನು ಇದನ್ನೇ ಓದಿರೋನು" ಎಂದ.

ಅವನ ವಸಡು ನಿಜಕ್ಕೂ ಹಾಳಾಗಿತ್ತು. ಹದಿನಾಲ್ಕು ಹಲ್ಲು ಬೆರಳಿಗೆ ಅಲುಗುತ್ತಿದ್ದವು. ಅವನ್ನು ಮೂರು ವಾರದಲ್ಲಿ ಒಂದೊಂದು ಭಾಗವಾಗಿ ತೆಗೆದೆ. ಇನ್ನು ಹತ್ತು ಗಟ್ಟಿಯಾಗಿದ್ದವು. ಅವನ್ನು ಮುಟ್ಟುವುದಿಲ್ಲ ಎಂದೆ. ಕೈಮುಗಿದ. ಆಗಲೂ ಇಲ್ಲ ಎಂದೆ. ಮಾರನೇ ದಿನ ಬೆಳಗಿನ ಬಸ್ಸು ಹಿಡಿದು ಬೇರೆ ಊರಿಗೆ ಹೋಗಿ ಯಾರ ಹತ್ತಿರವೋ ಆ ಹತ್ತನ್ನೂ ಕೀಳಿಸಿಕೊಂಡು ಬಂದ. ಬಾಯಲ್ಲಿ ಹತ್ತಿ ಒತ್ತಿಕೊಂಡು ನನ್ನ ಬಾಗಿಲಲ್ಲಿ ನಿಂತು, ಗೆದ್ದವನ ಹಾಗೆ ಕೈ ಎತ್ತಿದ.

ಇನ್ನೊಂದು ಮಾತು. ಮೇಷ್ಟ್ರ ಸೆಟ್ಟು ಕಂಡಕ್ಟರಿಗೆ ಹೋದದ್ದು ನೀನು ಬರೆದಂತೆ ತಮಾಷೆಯಾಗಿರಲಿಲ್ಲ. ಮೇಷ್ಟ್ರ ವಸಡು ಹುಣ್ಣಾಗಿತ್ತು. ಅವರಿಬ್ಬರೂ ಆ ಮಾತುಗಳನ್ನು ಆಡಲೂ ಇಲ್ಲ, ನಿನ್ನ ಅಪ್ಪನ ಮುಖ ನೋಡಿ ಸುಮ್ಮನೆ ಹೋದರು. ಆ ಮಾತು ಕಟ್ಟಿದವನು ಅವನೇ. ಹೋದ ವರ್ಷದಿಂದ ಇಂಥದ್ದು ಇದು ಮೂರನೇ ಸಲ. ಚೀಟಿ ಇಟ್ಟುಕೊ ಮಾರಾಯ ಎಂದು ಬೇಡಿಕೊಂಡಿದ್ದೇನೆ. ಚೀಟಿ ಬೇಕಾದವನಿಗೆ ಕಸುಬು ಬರುವುದಿಲ್ಲ ಎನ್ನುತ್ತಾನೆ. ತಲೆಯ ಡಾಕ್ಟರ ಹತ್ತಿರ ಹೋಗೋಣ ಎಂದರೆ, ಹುಳ ಹೋಯಿತಲ್ಲ, ಇನ್ನೇನು ಎನ್ನುತ್ತಾನೆ.

ನಿನ್ನನ್ನು ನೀನು ಹಳಿದುಕೊಳ್ಳಬೇಡ. ಅವನು ಕೇಳಿದ್ದು ಗಿರಾಕಿಯ ಪ್ರಶ್ನೆ ಎಂದುಕೊಂಡು ನೀನು ಬರೆದೆ. ನಾನಾದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ಇಂತಿ ನಿನ್ನ,
ಡಾಕ್ಟರ್ ಅಂಕಲ್


ಏಪ್ರಿಲ್ 16

ಅಪ್ಪ,

ಡಾಕ್ಟರ್ ಅಂಕಲ್ ಎಲ್ಲ ಬರೆದಿದ್ದಾರೆ. ಅವರ ಮೇಲೆ ಸಿಟ್ಟಾಗಬೇಡ.

ಈ ಕಾಗದವನ್ನು ಐದನೇ ಸಲ ಶುರು ಮಾಡುತ್ತಿದ್ದೇನೆ. ಒಂದರಲ್ಲಿ ನಿನ್ನ ಮೇಲೆ ಕೂಗಾಡಿದ್ದೆ, ಒಂದರಲ್ಲಿ ಬರೀ ಕ್ಷಮೆ ಕೇಳಿದ್ದೆ, ಒಂದರಲ್ಲಿ ಚೀಲದವರ ವಿಷಯ ಬರೆದು ಏನೂ ಆಗಿಲ್ಲದ ಹಾಗೆ ಮುಗಿಸಿದ್ದೆ. ಯಾವುದು ಸರಿ ಎಂದು ಗೊತ್ತಾಗಲಿಲ್ಲ.

ಆ ಸಾಲನ್ನು ನಾನು ಕರಕಲು ಬ್ರೆಡ್ಡಿಗೂ ನನ್ನ ಹುಟ್ಟಿದ ದಿನಕ್ಕೂ ನಡುವೆ ಬರೆದದ್ದು ಅಪ್ಪ. ಬರೆಯುವಾಗ ನಾನು ಇವರ ಕೈಯನ್ನು ನೋಡುತ್ತಿದ್ದೆ. ಅದನ್ನು ನೀನು ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಜೇಬಿನಲ್ಲಿಟ್ಟುಕೊಂಡಿದ್ದೆ.

ಇವರಿಗೆ ಹೇಳಿದಾಗ ಇವರು ಸ್ಟೂಲಿನ ಮೇಲೆ ಕೂತುಬಿಟ್ಟರು. ನಾನು ಕೇಳಿದೆ, ಈಗಲಾದರೂ ನನಗೆ ಅರ್ಥವಾಗುವ ಹಾಗೆ ಹೇಳು. ಹೇಳಿದರು. ಹೇಳಿದ ಮೇಲೆ ಮೊದಲಿಗಿಂತ ಗೊಂದಲವಾಯಿತು. ವಸಡು ಕೆಟ್ಟವರಲ್ಲಿ ಮರೆವು ಹೆಚ್ಚು ಎಂದು ಕಂಡಿದೆಯಂತೆ. ಆದರೆ ವಸಡು ಕೆಟ್ಟದ್ದರಿಂದ ಮರೆವು ಬಂತೋ, ಮರೆವು ಶುರುವಾಗಿ ಹಲ್ಲುಜ್ಜುವುದನ್ನೇ ಮರೆತು ವಸಡು ಕೆಟ್ಟಿತೋ, ಯಾರೂ ಖಚಿತವಾಗಿ ಹೇಳಲಾರರಂತೆ. ಬೀಜ ಮೊದಲೋ ಮರ ಮೊದಲೋ. ಹುಳದ ಗುರುತು ಮಿದುಳಿನಲ್ಲಿ ಸಿಕ್ಕಿತು ಎಂದರೆ ಹುಳವೇ ಕಳ್ಳ ಎಂದಲ್ಲವಂತೆ, ಬಾಗಿಲು ಮುರಿದ ಮೇಲೆ ಒಳಗೆ ಬಂದ ಬೀದಿನಾಯಿಯೂ ಆಗಿರಬಹುದು. ಇನ್ನೂ ಕೇಳು, ಹಲ್ಲು ಕಳೆದುಕೊಂಡವರಲ್ಲೂ ಮರೆವು ಹೆಚ್ಚು ಎಂದು ಕೆಲವರು ಕಂಡಿದ್ದಾರಂತೆ. "ಹಾಗಾದ್ರೆ ಅಪ್ಪ ಮಾಡಿದ್ದು ಒಳ್ಳೇದೋ ಕೆಟ್ಟದ್ದೋ?" ಎಂದು ಕೇಳಿದೆ. "ಹದಿನಾಲ್ಕು ಹೋಗಲೇಬೇಕಿತ್ತು. ಹತ್ತು ಹೋಗಬಾರದಿತ್ತು. ಅಷ್ಟು ಮಾತ್ರ ನಂಗೆ ಗೊತ್ತು" ಎಂದರು. ಇಷ್ಟು ಓದಿ, ಇಷ್ಟು ಟ್ಯೂಬು ತುಂಬಿಸಿ, ಅಷ್ಟು ಮಾತ್ರವಾ ಎಂದೆ. ಅಷ್ಟು ಮಾತ್ರ ಎಂದರು. ಆಮೇಲೆ, "ಆ ದಿನ ನಾನು ಬ್ರೆಡ್ ಪಕ್ಕಕ್ಕಿಟ್ಟು ಉತ್ತರ ಹೇಳಬೇಕಿತ್ತು" ಎಂದು ಹೇಳಿ ಎದ್ದು ಹೋಗಿ ಬಹಳ ಹೊತ್ತು ಹಲ್ಲುಜ್ಜಿದರು. ಗಡಿಯಾರ ನೋಡಲಿಲ್ಲ.

ನನ್ನ ಮದುವೆಯ ದಿನಗಳನ್ನು ಎಣಿಸುವುದು ಎಲ್ಲೋ ತಪ್ಪಿಹೋಗಿದೆ. ಮೊದಲಿನಿಂದ ಶುರು ಮಾಡಲು ಮನಸ್ಸಾಗುತ್ತಿಲ್ಲ. ಸಂತೋಷವಾಗಿಲ್ಲ ಎಂದಲ್ಲ ಅಪ್ಪ. ಬೆಳಿಗ್ಗೆ ಎದ್ದಾಗ ಮೊದಲು ಸಂತೋಷವೇ ಆಗುತ್ತದೆ, ಅಭ್ಯಾಸ ಬಲದಿಂದ. ಆಮೇಲೆ ನಿನ್ನ ಬಾಯಿ ನೆನಪಾಗುತ್ತದೆ. ಎರಡನ್ನೂ ಒಟ್ಟಿಗೆ ಎಲ್ಲಿಡಬೇಕೋ ಗೊತ್ತಾಗುವುದಿಲ್ಲ, ಎರಡೇ ಕೋಣೆಯ ಮನೆ.

ನಿನ್ನನ್ನು ಕೆಲವು ಪ್ರಶ್ನೆ ಕೇಳಬೇಕು. ಆ ಗಿರಾಕಿ ಇದ್ದನಾ? ಯಾವಾಗಿನಿಂದ ನಿನಗೆ ಹೀಗೆ ಅನ್ನಿಸುತ್ತಿದೆ? ನನ್ನ ಮದುವೆಯ ದಿನ, ಮೆಟ್ಟಿಲ ಹತ್ತಿರ ನನ್ನ ಗಲ್ಲ ಹಿಡಿದು ಬಹಳ ಹೊತ್ತು ನೋಡಿದೆಯಲ್ಲ, ಅದು ಯಾಕೆ?

ಅಚ್ಚಿನ ವಿಷಯ. ಯಾರದೆಂದು ತಿಳಿಸು ಎಂದು ನೀನು ಕೇಳಿದ್ದೆ. ಮಾರ್ಚ್‌ನಲ್ಲಿ ನಾನು ಬರೆದ ಕಾಗದ ನೀನು ಓದಿದೆಯೋ ಇಲ್ಲವೋ, ಓದಿದ್ದು ನಿಂತಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಹೇಳಿಬಿಡು ಎನ್ನುತ್ತಾರೆ ಇವರು. ಮೇಲೆ ಒಂದು ಸಲ ಬರೆದೆ, ಬರೆದು ಹೊಡೆದುಹಾಕಿದೆ, ಆ ಕಪ್ಪು ಮಚ್ಚೆ ಅದೇ. ನಾನು ಹೇಳಿದರೆ ನಿನಗೆ ಗೊತ್ತಾಗುತ್ತದೆ, ನೀನು ಗುರುತು ಹಿಡಿದ ಹಾಗೆ ಆಗುವುದಿಲ್ಲ. ಇದು ಮೊಂಡುತನವೋ ಕ್ರೂರತನವೋ ನನಗೆ ತಿಳಿಯದು. ಸಾವಿರ ಬಾಯಿ ಇಟ್ಟರೂ ಎಂದಿದ್ದೆ ನೀನು.

ಮೇ ಎಂಟನೇ ತಾರೀಖು ಇಬ್ಬರೂ ಬರುತ್ತೇವೆ. ತಲೆಯ ಡಾಕ್ಟರ ಹತ್ತಿರ ನಿನ್ನ ಜೊತೆ ನಾನೇ ಹೋಗುತ್ತೇನೆ. ಬೇಡ ಎನ್ನಬೇಡ.

ನಿನ್ನ ಮಗಳು


ಮೇ 1

ಇಲಿಮರಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು ಬರೆಯುತ್ತಿದ್ದೇನೆ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಪಕ್ಕದಲ್ಲಿ ಗುರುತು ಹಾಕುತ್ತೇನೆ, ಇಲ್ಲದಿದ್ದರೆ ಕೊಟ್ಟೆನೋ ಇಲ್ಲವೋ ತಿಳಿಯುವುದಿಲ್ಲ.

ಗಿರಾಕಿ ಇರಲಿಲ್ಲ.

ಎರಡು ವರ್ಷದಿಂದ. ಮೊದಲು ಹೆಸರುಗಳು ಹೋದವು. ಹೆಸರು ನನಗೆ ಎಂದೂ ಬೇಕಿರಲಿಲ್ಲ, ಅದಕ್ಕೇ ಲಕ್ಷ್ಯ ಕೊಡಲಿಲ್ಲ. ಹೋದ ವರ್ಷ ಬಾಯಿಗಳು ಹೋಗತೊಡಗಿದವು. ಆಗ ಹೆದರಿದೆ. ಕಿವಿ ಚೆನ್ನಾಗಿಯೇ ಇದೆ. ನೀನು ಫೋನಿನಲ್ಲಿ ಹೇಳಿದ್ದು ಸಂಜೆಗೆ ಇರುತ್ತಿರಲಿಲ್ಲ. ಕಾಗದವಾದರೆ ಇರುತ್ತದೆ. ಅದಕ್ಕೇ ಬರಿ ಎಂದದ್ದು.

ಮದುವೆಯ ದಿನ ಗಲ್ಲ ಹಿಡಿದು ನೋಡಿದ್ದು ಅಳತೆ ತೆಗೆದುಕೊಳ್ಳಲು. ಅಂಟಿಲ್ಲದೆ ನೆನಪಿನಲ್ಲಿ ಎಷ್ಟು ನಿಲ್ಲುತ್ತದೋ ಎಂದು.

ಹಲ್ಲು ತೆಗೆಸಿದ್ದು ನಿನ್ನಿಂದಲ್ಲ. ಹೆದರಿದವನು ಹುಲ್ಲುಕಡ್ಡಿಯನ್ನೂ ಹಿಡಿಯುತ್ತಾನೆ, ನಿನ್ನದು ಕಡ್ಡಿಗಿಂತ ದಪ್ಪ ಇತ್ತು. ಅಳಿಯಂದಿರಿಗೆ ಹೇಳು, ಬ್ರೆಡ್ಡು ತಿಂದದ್ದರಲ್ಲಿ ತಪ್ಪಿಲ್ಲ. ಹುಳದ ಮನೆಯನ್ನಂತೂ ಕೆಡವಿಯಾಯಿತು. ಬಾಡಿಗೆಯವನು ಅಷ್ಟರಲ್ಲೇ ಮೇಲಿನ ಮಹಡಿಗೆ ಸಾಮಾನು ಸಾಗಿಸಿದ್ದನೋ ಏನೋ, ಅದನ್ನು ಅವರೇ ನೋಡಲಿ. ನನಗೆ ನಾನೇ ಸೆಟ್ಟು ಕಟ್ಟಿಕೊಂಡೆ. ನಿನ್ನ ದೊಡ್ಡತ್ತೆ, "ಈಗ ಮೂವತ್ತು ವರ್ಷದವನ ಬಾಯಿ, ನೂರು ವರ್ಷದವನ ಮುಖ" ಎಂದಳು.

ಇನ್ನು ಅಚ್ಚು. ಬಂದ ದಿನ ನನಗೆ ಗೊತ್ತಾಗಲಿಲ್ಲ. ತಮಾಷೆಯಲ್ಲ. ನಿನ್ನ ಮಾರ್ಚ್ ಕಾಗದ ಓದಿದ್ದೆನಂತೆ, ಓದಿ ಮೂಲೆಯಲ್ಲಿ ಕೂತಿದ್ದೆನಂತೆ. ಅದು ನನ್ನ ಬಳಿ ಉಳಿದಿಲ್ಲ. ನಿನ್ನ ಈ ಕಾಗದ ಬಂದ ಮೇಲೆ ಅಚ್ಚನ್ನು ಕೈಯಲ್ಲಿ ಹಿಡಿದುಕೊಂಡು ಕೂತೆ. ಮೇಜಿನ ಖಾನೆಯಲ್ಲಿ ನಿನ್ನ ಹಳೆಯ ಕಾಗದ ಇತ್ತು, ಅದನ್ನು ತೆಗೆದು ಓದಿದ್ದರೆ ಉತ್ತರ ಸಿಗುತ್ತಿತ್ತು. ನಿನ್ನ ದೊಡ್ಡತ್ತೆ, "ನಾನು ಹೇಳ್ಲೇನೋ?" ಎಂದಳು. ಬೇಡ ಎಂದೆ. ಕಸುಬುದಾರ ಮಾಡುವ ಹಾಗೆ ಮಾಡೋಣ ಎಂದುಕೊಂಡೆ.

ಶೆಲ್ಫಿನ ಮೇಲೆ ಹತ್ತೊಂಬತ್ತು ಅಚ್ಚುಗಳಿವೆ. ಒಂದೊಂದನ್ನೇ ಇಳಿಸಿ, ದೂಳು ಒರೆಸಿ, ಮೇಜಿನ ಮೇಲೆ ಸಾಲಾಗಿ ಇಟ್ಟೆ. ಯಾರದೆಂದು ಕೇಳಿಕೊಳ್ಳಲಿಲ್ಲ. ಯಾವುದರ ಮುಂದೆ ಯಾವುದು ಎಂದು ಮಾತ್ರ ನೋಡಿದೆ. ಮೊದಲನೆಯದರಲ್ಲಿ ಮುಂದಿನ ಎರಡು ಹಲ್ಲಿಲ್ಲ. ಹನ್ನೊಂದರ ಸುಮಾರಿಗೆ ಎಡ ಕೋರೆ ಮೇಲಿನಿಂದ ಇಣುಕುತ್ತದೆ. ಹದಿನಾಲ್ಕಕ್ಕೆ ಸಾಲು ಬಿಟ್ಟು ಹೊರಗೆ ಬರುತ್ತದೆ. ಅಲ್ಲಿಂದ ಮುಂದೆ ಪ್ರತಿ ವರ್ಷ ತುದಿ ಕೂದಲೆಳೆಯಷ್ಟು ಸವೆದಿದೆ, ನಿನಗೆ ದಾರ ಕಚ್ಚಿ ಕತ್ತರಿಸುವ ಚಟ. ಕಳಿಸಿದ ಅಚ್ಚನ್ನು ಪ್ರತಿಯೊಂದರ ಪಕ್ಕ ಇಟ್ಟು ಅಳೆದೆ. ಕೊನೆಯದರ ಪಕ್ಕ ಇಟ್ಟಾಗ, ಒಂದು ಕೂದಲೆಳೆ ಹೆಚ್ಚು ಸವೆದಿತ್ತು. ಅಷ್ಟೇ ವ್ಯತ್ಯಾಸ.

ಅಳತೆ ಮಾಡುತ್ತಿದ್ದವನಿಗೆ ಆಗ ತಂತಿ ಯಾಕೆ ಹಾಕಿಸಲಿಲ್ಲ ಎಂಬುದೂ ನೆನಪಾಯಿತು.

ಇದಕ್ಕೆ ನನಗೆ ನಾಲ್ಕು ದಿನ ಹಿಡಿಯಿತು. ಹಿಂದೆ ಒಂದು ನೋಟ ಸಾಕಾಗುತ್ತಿತ್ತು. ನಾಲ್ಕು ದಿನವಾದರೂ ಹಿಡಿದೆ, ಅದನ್ನು ನಿನ್ನ ಗಂಡನ ಪುಸ್ತಕದಲ್ಲಿ ಬರೆದುಕೊಳ್ಳಲಿ.

ಆಮೇಲೆ ಒಂದು ಚೀಟಿ ಹರಿದು, ಮಗಳು, ಇಪ್ಪತ್ತೈದು, ಎಂದು ಬರೆದು ಅಂಟಿಸಿದೆ. ನನ್ನ ಕೈಯಿಂದ ಬರೆದ ಮೊದಲ ಚೀಟಿ. ಡಾಕ್ಟರು ನೋಡಿ, ಹೊರಗೆ ಹೋಗಿ ಮೂಗು ಸೀಟಿಕೊಂಡು ಬಂದರು. ಈಗ ಎಲ್ಲಕ್ಕೂ ಚೀಟಿ ಬರೆಯುತ್ತಿದ್ದೇನೆ. ತಲೆಯ ಡಾಕ್ಟರ ಹತ್ತಿರಕ್ಕೂ ಬರುತ್ತೇನೆ.

ಎಂಟನೇ ತಾರೀಖು ಗೋಡೆಯ ಮೇಲೆ ಬರೆದಿದ್ದೇನೆ. ಆ ದಿನ ನಾನು ಹೇಗಿರುತ್ತೇನೋ ನನಗೆ ಗೊತ್ತಿಲ್ಲ, ಒಂದೊಂದು ದಿನ ಒಂದೊಂದು ಥರ. ನೀನು ಹೆದರಬೇಡ, ನಾನು ಯಾರು ಹೇಳು ಎಂದು ಕೇಳಲೂ ಬೇಡ. ಬಾಗಿಲಲ್ಲಿ ನಿಂತು ಒಂದು ಸಲ ನಕ್ಕುಬಿಡು. ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ.

ಇಂತಿ,
ಅಪ್ಪ